ಸೀಟು ತಗ್ಗು ಅಂದರೆ ಎಲ್ಲಿ ತಗ್ಗು?

ನನ್ನದು 1968ರ ಫೋರ್ಡ್ ಮಸ್ಟಾಂಗ್ ಹಾರ್ಡ್‌ಟಾಪ್, ಅಂದರೆ ಗಟ್ಟಿ ಚಾವಣಿಯ ಕಾರು, 302 ಘನ ಇಂಚಿನ ವಿ8 ಎಂಜಿನ್. ನನ್ನ ಎತ್ತರ ಆರಡಿ ಎರಡಿಂಚು. ಇಲ್ಲಿ ಮಿಶಿಗನ್‌ನಲ್ಲಿ ಇಂಥ ಕಾರು ಆಚೆ ತೆಗೆಯಲು ಸಿಗುವುದೇ ಐದಾರು ತಿಂಗಳು. ಹೋದ ವರ್ಷ ಅದರಲ್ಲಿ ಅರ್ಧ, ತಲೆ ಚಾವಣಿಗೆ ತಾಗದ ಸೀಟು ಹುಡುಕುವುದರಲ್ಲೇ ಕಳೆಯಿತು.

ಹಳೇ ಸೀಟು ಬಿಚ್ಚಿದರೆ ಒಳಗೆ ಸ್ಪ್ರಿಂಗು, ಅದರ ಮೇಲೆ ಗೋಣಿತಟ್ಟು, ಮೇಲೊಂದು ಪದರ ಹತ್ತಿ. ದಾವಣಗೆರೆಯ ಕುಶನ್ ಅಂಗಡಿಯಲ್ಲಿ ಅಪ್ಪನ ಅಂಬಾಸಿಡರ್ ಸೀಟಿಗೆ ತೆಂಗಿನ ನಾರು ತುಂಬುತ್ತಿದ್ದುದು ಕಣ್ಣಿಗೆ ಕಟ್ಟಿತು. ಸ್ಪ್ರಿಂಗು ಕುಸಿದು ಎಡಕ್ಕೆ ವಾಲಿತ್ತು. ಒಂದು ಗಂಟೆ ಓಡಿಸಿದರೆ ಸೊಂಟ ಹಿಡಿಯುತ್ತಿತ್ತು. ಅದನ್ನೇ ಸರಿಮಾಡಿಸಿದರೆ ಮೊದಲಿನ ಎತ್ತರಕ್ಕೆ ಬಂದು ತಲೆ ಚಾವಣಿಗೆ ತಾಗುತ್ತದೆ. ಕುಸಿದಿದ್ದರಿಂದಲೇ ಇಷ್ಟು ದಿನ ಎರಡು ಬೆರಳು ಜಾಗ ಉಳಿದಿತ್ತು.

‘ಲೋ ಪ್ರೊಫೈಲ್’, ಅಂದರೆ ತಗ್ಗು ಸೀಟು, ಅಂತ ಮಾರುತ್ತಿದ್ದ ಒಂದು ಹೊಸ ಜೋಡಿ ತರಿಸಿದೆ. ಹೊಲಿಗೆ ಅಚ್ಚುಕಟ್ಟು, ನೋಡಲು 1968ರದ್ದೇ. ಕೂತರೆ ತಲೆ ಚಾವಣಿಗೆ ಒತ್ತಿತು! ಮಾರಿದವರು ತಗ್ಗು ಅಂದಿದ್ದು ಸೀಟಿನ ಬೆನ್ನನ್ನು. ಅಮೆರಿಕದಲ್ಲಿ ಮುಂದಿನ ಸೀಟಿಗೆ ಹೆಡ್‌ರೆಸ್ಟ್ ಕಡ್ಡಾಯವಾದದ್ದು 1969ರ ಜನವರಿ 1ರಿಂದ ತಯಾರಾದ ಕಾರುಗಳಿಗೆ. ಅದಕ್ಕೂ ಹಿಂದಿನ ಗಿಡ್ಡ ಬೆನ್ನಿನ ಅಂದ ಬೇಕೆನ್ನುವವರಿಗೆ ಆ ಸೀಟು ಸರಿ. ನನಗೆ ಬೇಕಿದ್ದುದು ಕುಂಡೆಯ ಕೆಳಗಿನ ತಗ್ಗು. ವಾಪಸ್ ಕಳಿಸುವ ಲಾರಿ ಬಾಡಿಗೆ ನನ್ನ ತಲೆಗೇ ಬಂತು.

ಆದ್ದರಿಂದ ಕೊಳ್ಳುವ ಮುಂಚೆ ಒಂದೇ ಲೆಕ್ಕ ಕೇಳಿ: ಭಾರ ಬಿದ್ದ ಮೇಲೆ ಕುಶನ್ ಎಷ್ಟು ದಪ್ಪ, ಅದರಡಿ ಜಾರುವ ಹಳಿ ಎಷ್ಟು, ಸೀಟನ್ನು ಕಾರಿಗೆ ಬಿಗಿಯುವ ಬ್ರಾಕೆಟ್ ಎಷ್ಟು. ಮೂರನ್ನೂ ಕೂಡಿಸಿ. ಬ್ರಾಕೆಟ್ಟಿನ ದಪ್ಪವನ್ನು ಯಾರೂ ತಾವಾಗಿ ಹೇಳುವುದಿಲ್ಲ. ಮಸ್ಟಾಂಗ್‌ನಲ್ಲಂತೂ ನೆಲಕ್ಕೇ ವೆಲ್ಡ್ ಮಾಡಿದ ತಗಡಿನ ದಿಬ್ಬವಿದೆ, ಸೀಟು ಕೂರುವುದು ಅದರ ಮೇಲೆ. ಕೆಲವರು ಅದನ್ನೇ ಕತ್ತರಿಸುತ್ತಾರೆ. ನನಗೆ ಧೈರ್ಯ ಬರಲಿಲ್ಲ. ಅಪಘಾತವಾದಾಗ ಸೀಟನ್ನು ಹಿಡಿದಿಡಬೇಕಾದ ಭಾಗ ಅದು. ಇನ್ನು ಹಳೇ ಸೀಟಿನ ನಟ್ಟುಗಳು ಇರುವುದು ಕಾರಿನ ಅಡಿಯಲ್ಲಿ, ರಬ್ಬರ್ ಬಿರಡೆಗಳ ಹಿಂದೆ. ಬಿಚ್ಚುವ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ.

ಕೊನೆಗೆ ಕೈಹಿಡಿದದ್ದು ಗುಜರಿಯಲ್ಲಿ ಸಿಕ್ಕ ಮಜ್ದಾ ಮಿಯಾಟಾ ಸೀಟು, ತೊಂಬತ್ತರ ದಶಕದ ಮೊದಲ ತಲೆಮಾರಿನದು. ಜೋಡಿಗೆ 150 ಡಾಲರ್. ಪುಟ್ಟ ಕಾರಿನದಾದ್ದರಿಂದ ಅಗಲ ಕಡಿಮೆ, ಕುಶನ್ ತೆಳು, ಆದರೆ ತೊಡೆಯನ್ನೂ ಪಕ್ಕೆಯನ್ನೂ ಬಿಗಿಯಾಗಿ ಹಿಡಿಯುತ್ತದೆ. ಮಿಯಾಟಾ ಓಡಿಸುವ ಎತ್ತರದವರು ಫೋಮ್ ಕೊಯ್ದು ತೆಗೆಯುವುದುಂಟು. ನಾನೂ ಬ್ರೆಡ್ ಕೊಯ್ಯುವ ಕರೆಂಟ್ ಚಾಕುವಿನಿಂದ ಒಂದಿಂಚು ತೆಗೆದೆ. ರಂಧ್ರಗಳು ಮಸ್ಟಾಂಗ್‌ಗೆ ಹೊಂದುವುದಿಲ್ಲ. ವೆಲ್ಡಿಂಗ್ ಅಂಗಡಿಯಲ್ಲಿ ಉಕ್ಕಿನ ಚಪ್ಪಟೆ ಪಟ್ಟಿಯ ಬ್ರಾಕೆಟ್ ಮಾಡಿಸಿದೆ. ಈಗ ತಲೆಯ ಮೇಲೆ ಎರಡೂವರೆ ಇಂಚು ಜಾಗ. ಸ್ಟೀರಿಂಗ್ ಕೂಡ ತೊಡೆಗೆ ತಾಗುತ್ತಿಲ್ಲ.

ತೊಂದರೆಯೂ ಇದೆ. ಮಿಯಾಟಾ ಇಬ್ಬರೇ ಕೂರುವ ಕಾರು, ಹಿಂದಕ್ಕೆ ಹತ್ತುವವರಿಗೆಂದು ಮಾಡಿದ ಸೀಟಲ್ಲ. ಮಗಳು ಪ್ರತಿ ಸಲ ನುಸುಳಿಕೊಂಡೇ ಹಿಂದೆ ಹೋಗಬೇಕು. ದಿನಾ ಮಕ್ಕಳನ್ನು ಕೂರಿಸುವವರಿಗೆ ಇದನ್ನು ಹೇಳಲಾರೆ. ಎತ್ತರದ ಹೆಡ್‌ರೆಸ್ಟ್ ಹಳೇ ಕಾರಿನ ಚಂದ ಕೆಡಿಸಿತು ಅಂದ ಗೆಳೆಯರಿದ್ದಾರೆ. ಹಿಂದಿನಿಂದ ಯಾರಾದರೂ ಗುದ್ದಿದರೆ ಕತ್ತು ಉಳಿಸುವುದು ಅದೇ, ಇರಲಿ ಬಿಡಿ ಅಂದಳು ಹೆಂಡತಿ. ನನ್ನ ಮಾತೂ ಅದೇ.

ಆಗಸ್ಟ್‌ನಲ್ಲಿ ವುಡ್‌ವರ್ಡ್ ರಸ್ತೆಯ ಹಳೇ ಕಾರುಗಳ ಮೆರವಣಿಗೆಗೆ ಹೋದಾಗ ಮೂರು ಗಂಟೆ ಇಳಿಯದೆ ಕೂತಿದ್ದೆ, ಸೊಂಟ ಚಕಾರ ಎತ್ತಲಿಲ್ಲ. ಈ ಸೀಟಿನ ಹೆಡ್‌ರೆಸ್ಟ್‌ನೊಳಗೆ ಸ್ಪೀಕರ್ ಕೂಡ ಇದೆ. ಅದಕ್ಕೆ ಇನ್ನೂ ತಂತಿ ಎಳೆದಿಲ್ಲ.