ಕಾಲಂ ಆಧಾರಿತ ಟೇಬಲ್‌ನಲ್ಲಿ ಒಂದು ಸಾಲನ್ನು ತಿದ್ದುವುದು: ಮೂರು ಡೇಟಾಬೇಸ್‌ಗಳ ಹೋಲಿಕೆ

ಕಾಲಂ ಪ್ರಕಾರ ಜೋಡಿಸಿದ ಟೇಬಲ್ ಮೊತ್ತ ಹಾಕುವ ಕೆಲಸದಲ್ಲಿ ವೇಗವಾಗಿರುತ್ತದೆ ಎಂಬುದನ್ನು ಈಗ ಯಾರೂ ಹೊಸದಾಗಿ ತೋರಿಸಬೇಕಿಲ್ಲ. ಇಪ್ಪತ್ತು ಕಾಲಂಗಳಲ್ಲಿ ಮೂರನ್ನಷ್ಟೇ ಕೇಳಿದರೆ ಉಳಿದ ಹದಿನೇಳನ್ನು ಡಿಸ್ಕ್‌ನಿಂದ ಎತ್ತುವ ಅಗತ್ಯವಿರುವುದಿಲ್ಲ, ಒಂದೇ ಬಗೆಯ ಮೌಲ್ಯಗಳು ಒತ್ತಟ್ಟಿಗೆ ಇರುವುದರಿಂದ ಕಂಪ್ರೆಷನ್ (ಡೇಟಾವನ್ನು ಕುಗ್ಗಿಸಿ ಇಡುವುದು) ಕೂಡ ಚೆನ್ನಾಗಿ ಆಗುತ್ತದೆ. ನಾನು ನೋಡಬೇಕೆಂದುಕೊಂಡದ್ದು ಬೇರೆ: ಒಮ್ಮೆ ಒಳಗೆ ಹೋದ ಸಾಲನ್ನು ತಿದ್ದಬೇಕಾಗಿ ಬಂದರೆ ಯಾವ ಡೇಟಾಬೇಸ್ ಹೇಗೆ ನಡೆದುಕೊಳ್ಳುತ್ತದೆ ಎಂಬುದು. ಔಷಧ ಸಗಟು ವ್ಯಾಪಾರದ ಬಿಲ್ಲುಗಳನ್ನು, ಬಾಬ್ತಿಗೆ ಒಂದು ಸಾಲಿನಂತೆ, ಪೋಸ್ಟ್‌ಗ್ರೆಸ್ ಮೇಲಿನ ಸಿಟಸ್ ಕಾಲಮ್ನರ್, ಎಸ್‌ಕ್ಯೂಎಲ್ ಸರ್ವರ್‌ನ ಕ್ಲಸ್ಟರ್ಡ್ ಕಾಲಂಸ್ಟೋರ್ ಮತ್ತು ಡಿಬಿ2ನ ಬ್ಲೂ, ಈ ಮೂರು ಡೇಟಾಬೇಸ್‌ಗಳ ಕಾಲಂ ವ್ಯವಸ್ಥೆಗಳಲ್ಲೂ ತುಂಬಿಸಿ, ಬ್ಯಾಚ್ ನಂಬರ್ ತಪ್ಪಾಗಿ ನಮೂದಾಗಿದ್ದ ಒಂದೇ ಒಂದು ಸಾಲನ್ನು ಸರಿಪಡಿಸಲು ಹೊರಟೆ.

ಸಿಟಸ್ ಇದಕ್ಕೆ ಒಪ್ಪಲೇ ಇಲ್ಲ. ಅದರ ಕಾಲಮ್ನರ್ ಟೇಬಲ್‌ಗೆ ಹೊಸ ಸಾಲು ಸೇರಿಸಬಹುದೇ ಹೊರತು ಇದ್ದದ್ದನ್ನು ಬದಲಿಸುವಂತಿಲ್ಲ, ಅಳಿಸುವಂತಿಲ್ಲ. ಅಪ್‌ಡೇಟ್ ಕೊಟ್ಟ ಕೂಡಲೇ ದೋಷಸಂದೇಶ ಬರುತ್ತದೆ, ಕೆಲಸ ಅಲ್ಲಿಗೆ ನಿಲ್ಲುತ್ತದೆ. ಫಾರಿನ್ ಕೀಗೂ, ಅಂದರೆ ಒಂದು ಟೇಬಲ್‌ನ ಮೌಲ್ಯ ಇನ್ನೊಂದರಲ್ಲಿ ಇರಲೇಬೇಕೆಂಬ ನಿಯಮಕ್ಕೂ, ಅಲ್ಲಿ ಜಾಗವಿಲ್ಲ. ಇದು ನೇರವಾದ ನಿರಾಕರಣೆಯಾದ್ದರಿಂದ ನನಗೇನೂ ಬೇಸರವಾಗಲಿಲ್ಲ. ತೊಂದರೆಯಾದದ್ದು ಸೇರಿಸುವ ಕಡೆಯಲ್ಲಿ, ಅದೂ ನನ್ನದೇ ಅಜಾಗ್ರತೆಯಿಂದ. ಪ್ರತಿ ಬರವಣಿಗೆಯೂ ತನ್ನದೇ ಸ್ಟ್ರೈಪ್ (ಸಾಲುಗಳ ಕಟ್ಟು) ಒಂದನ್ನು ತೆರೆಯುತ್ತದೆ, ಅದರಲ್ಲಿ ಸಾಮಾನ್ಯವಾಗಿ 1,50,000 ಸಾಲುಗಳವರೆಗೆ ಹಿಡಿಯುತ್ತವೆ. ನನ್ನ ಸ್ಕ್ರಿಪ್ಟೋ ಒಂದೊಂದು ಸಾಲನ್ನೂ ಪ್ರತ್ಯೇಕವಾಗಿ ಕಮಿಟ್ ಮಾಡುತ್ತಿತ್ತು, ಅಂದರೆ ಬೇರೆ ಬೇರೆ ಬರವಣಿಗೆಯಾಗಿ ಖಾಯಂಗೊಳಿಸುತ್ತಿತ್ತು. ಬೆಳಗ್ಗೆ ನೋಡಿದರೆ ಸಾಲಿಗೊಂದು ಸ್ಟ್ರೈಪ್, ಅಕ್ಕಿಮೂಟೆಗೊಂದು ಕಾಳು ಎಂಬಂತೆ. ಟೇಬಲನ್ನು ಹೊಸದಾಗಿ ಬರೆಯುವ ವ್ಯಾಕ್ಯೂಮ್ ಫುಲ್ ಆಜ್ಞೆಯನ್ನು ಓಡಿಸಿ ಎಲ್ಲವನ್ನೂ ಒಟ್ಟುಗೂಡಿಸಬೇಕಾಯಿತು.

ಎಸ್‌ಕ್ಯೂಎಲ್ ಸರ್ವರ್ ಇಂಥ ನಿಷ್ಠುರತೆಯನ್ನು ಹಿಂದೆಯೇ ಬಿಟ್ಟಿದೆ. 2012ರ ಆವೃತ್ತಿಯಲ್ಲಿ ಕಾಲಂಸ್ಟೋರ್ ಇಂಡೆಕ್ಸ್ ಹಾಕಿದರೆ ಇಡೀ ಟೇಬಲ್ ಓದಲಷ್ಟೇ ಸಿಗುತ್ತಿತ್ತು. 2014ರಲ್ಲಿ ಕ್ಲಸ್ಟರ್ಡ್ ರೂಪ ಬಂದು ತಿದ್ದಲು ಅವಕಾಶವಾಯಿತು, 2016ರಲ್ಲಿ ಅದರ ಜೊತೆಗೆ ಸಾಲನ್ನು ಬೇಗ ಹುಡುಕಿಕೊಡುವ ಸಾಮಾನ್ಯ ಬಿ-ಟ್ರೀ ಇಂಡೆಕ್ಸ್, ಪ್ರತಿ ಸಾಲನ್ನೂ ಗುರುತಿಸುವ ಪ್ರೈಮರಿ ಕೀ, ಫಾರಿನ್ ಕೀಗಳಿಗೂ ಅನುಮತಿ ದೊರೆಯಿತು. ಬ್ಯಾಚ್ ನಂಬರ್ ಮರುಮಾತಿಲ್ಲದೆ ಬದಲಾಯಿತು. ಆದರೆ ಒಳಗೆ ನಡೆದದ್ದು ತಿದ್ದುಪಡಿಯಲ್ಲ: ಕಂಪ್ರೆಸ್ ಆದ ಹಳೆಯ ಸಾಲು ಇದ್ದಲ್ಲೇ ಉಳಿದು, ಅದು ಅಳಿದಿದೆ ಎಂದು ಬಿಟ್‌ಮ್ಯಾಪ್ ಎಂಬ ಗುರುತುಪಟ್ಟಿಯಲ್ಲಿ ಗುರುತು ಬಿತ್ತು, ಹೊಸ ಸಾಲು ಡೆಲ್ಟಾ ಸ್ಟೋರ್ ಎಂಬ, ಸಾಲಿನ ರೂಪದಲ್ಲೇ ಇರುವ ಪಡಸಾಲೆಗೆ ಹೋಗಿ ಕೂತಿತು. ಒಂದು ಸಾಲಿಗೆ ಇದು ಲೆಕ್ಕಕ್ಕಿಲ್ಲ. ಒಂದು ತೆರಿಗೆ ದರವನ್ನು ಸರಿಪಡಿಸಲೆಂದು ಇಡೀ ತ್ರೈಮಾಸಿಕದ ಸಾಲುಗಳನ್ನು ಮುಟ್ಟಿದಾಗ ಮಾತ್ರ, ಸತ್ತ ಸಾಲುಗಳ ಭಾರವನ್ನು ಪ್ರತಿ ಪ್ರಶ್ನೆಯೂ ಹೊರತೊಡಗಿತು, ಇಂಡೆಕ್ಸನ್ನು ರೀಆರ್ಗನೈಸ್ ಮಾಡಿ ಅವನ್ನು ತೆಗೆಯುವವರೆಗೆ ಅದು ಇಳಿಯಲಿಲ್ಲ.

ಇಲ್ಲಿಯೇ ಇನ್ನೊಂದು ಸೂಕ್ಷ್ಮವಿದೆ, ನಮ್ಮಂಥವರು ಎಡವುವುದು ಅಲ್ಲಿಯೇ. ಸಗಟಾಗಿ ತುಂಬಿಸುವ ಕಂತಿನಲ್ಲಿ 1,02,400 ಅಥವಾ ಅದಕ್ಕಿಂತ ಹೆಚ್ಚು ಸಾಲುಗಳಿದ್ದರೆ ಅವು ನೇರವಾಗಿ ಕಂಪ್ರೆಸ್ ಆಗುತ್ತವೆ, ಕಡಿಮೆಯಿದ್ದರೆ ಡೆಲ್ಟಾ ಸ್ಟೋರ್‌ಗೆ ಹೋಗುತ್ತವೆ. ನಾನು ಕಂತಿನ ಗಾತ್ರವನ್ನು, ನಮ್ಮ ಎಣಿಕೆಯ ರೂಢಿಯಂತೆ, ಸರಿಯಾಗಿ ಒಂದು ಲಕ್ಷವೆಂದು ಇಟ್ಟಿದ್ದೆ! ಬರೀ 2,400 ಸಾಲುಗಳ ಕೊರತೆಯಿಂದ ಬಂದದ್ದೆಲ್ಲ ಪಡಸಾಲೆಯಲ್ಲೇ ಉಳಿಯುತ್ತಿತ್ತು. ಅಲ್ಲಿನ ಗುಂಪೊಂದು 10,48,576 ಸಾಲುಗಳಾದ ಮೇಲಷ್ಟೇ ಮುಚ್ಚಿ ಕಂಪ್ರೆಷನ್‌ಗೆ ಸಾಗುತ್ತದೆ. ಈ ಲೆಕ್ಕ ಪ್ರತಿ ಪಾರ್ಟಿಷನ್‌ಗೆ (ಟೇಬಲ್‌ನ ಭಾಗಕ್ಕೆ) ಪ್ರತ್ಯೇಕವಾಗಿಯೇ ನಡೆಯುವುದರಿಂದ, ದಿನಕ್ಕೊಂದು ಪಾರ್ಟಿಷನ್ ಮಾಡಿಕೊಂಡ ಸಣ್ಣ ವ್ಯಾಪಾರದ ಟೇಬಲ್‌ನಲ್ಲಿ ಯಾವ ಗುಂಪೂ ಎಂದಿಗೂ ತುಂಬುವುದಿಲ್ಲ.

ಡಿಬಿ2 ಬಗ್ಗೆ ಹೇಳಬೇಕಾದದ್ದು ಕಡಿಮೆ. 2013ರ 10.5 ಆವೃತ್ತಿಯೊಂದಿಗೆ ಬಂದ ಬ್ಲೂ, ಅಪ್‌ಡೇಟನ್ನು ಒಪ್ಪುತ್ತದೆ, ಪ್ರೈಮರಿ ಕೀಯನ್ನು ಕಾಯುತ್ತದೆ; ಆದರೆ ಫಾರಿನ್ ಕೀಯನ್ನು ಜಾರಿಗೊಳಿಸದ, ಬರೀ ಮಾಹಿತಿಗೆಂದು ಇರುವ ನಿಯಮವಾಗಿಯಷ್ಟೇ ಬರೆದುಕೊಳ್ಳುತ್ತದೆ. ಡೇಟಾಬೇಸ್ ಅದನ್ನು ಪರೀಕ್ಷಿಸುವುದಿಲ್ಲ, ಪ್ರಶ್ನೆಗೆ ಉತ್ತರಿಸುವ ದಾರಿಯನ್ನು ಆಯುವ ಆಪ್ಟಿಮೈಸರ್ ಮಾತ್ರ ಅದನ್ನು ನಂಬಿ, ಟೇಬಲ್‌ಗಳನ್ನು ಜೋಡಿಸುವ ಜಾಯಿನ್‌ಗಳನ್ನು ಕೈಬಿಡಬಹುದು. ಸುಳ್ಳು ನಿಯಮ ಕೊಟ್ಟರೆ ತಪ್ಪು ಉತ್ತರ ಬರುತ್ತದೆ, ಅದೂ ಯಾವ ಎಚ್ಚರಿಕೆಯೂ ಇಲ್ಲದೆ. ನನ್ನ ಮಟ್ಟಿಗೆ ಸಿಟಸ್‌ನ ನಿರಾಕರಣೆಗಿಂತ ಇದು ಹೆಚ್ಚು ಅಪಾಯಕರ. ಇನ್ನು, ಸಾಲಿನ ಟೇಬಲನ್ನು ಕಾಲಂಗೆ ತರಲು ಡಿಬಿ2ಕನ್ವರ್ಟ್ ಎಂಬ ಸಿದ್ಧ ಸಾಧನವಿದೆ. ಮರಳಿ ಬರಲು ಅದು ನೆರವಾಗುವುದಿಲ್ಲ.

ಮೂರಕ್ಕೂ ಸಾಮಾನ್ಯವಾದ ದೌರ್ಬಲ್ಯವೊಂದಿದೆ. ಗ್ರಾಹಕರು ಫೋನಿನಲ್ಲಿ ಕೇಳಿದ ಒಂದು ಬಿಲ್ಲನ್ನು ಪೂರ್ತಿಯಾಗಿ ತೆರೆಯಲು ಪ್ರತಿ ಕಾಲಂನ ಬೇರೆ ಬೇರೆ ತುಣುಕನ್ನೂ ಬಿಚ್ಚಿ ಸಾಲನ್ನು ಮರಳಿ ಪೋಣಿಸಬೇಕಾಗುತ್ತದೆ. ಕನಿಷ್ಠ-ಗರಿಷ್ಠ ಮೌಲ್ಯಗಳನ್ನು ನೋಡಿ ಅನಗತ್ಯ ತುಣುಕುಗಳನ್ನು ಹಾರಿಸುವ ವ್ಯವಸ್ಥೆ ಮೂರರಲ್ಲೂ ಇದೆಯಾದರೂ, ಡೇಟಾ ದಿನಾಂಕದ ಕ್ರಮದಲ್ಲಿ ಒಳಗೆ ಹೋಗಿದ್ದರೆ ದಿನಾಂಕದ ಹುಡುಕಾಟಕ್ಕೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ, ಗ್ರಾಹಕರ ಸಂಖ್ಯೆಗೆ ಅಲ್ಲ.

ಕೊನೆಗೆ ನಾನು ಉಳಿಸಿಕೊಂಡದ್ದು, ಎಲ್ಲಕ್ಕಿಂತ ಹೆಚ್ಚು ನಿರ್ಬಂಧಗಳಿರುವ ಸಿಟಸ್ ಅನ್ನೇ. ಒಂದೇ ಟೇಬಲ್‌ನ ಪಾರ್ಟಿಷನ್‌ಗಳಲ್ಲಿ ಕೆಲವನ್ನು ಸಾಲಿನ ರೂಪದಲ್ಲೂ ಕೆಲವನ್ನು ಕಾಲಂ ರೂಪದಲ್ಲೂ ಇಡಬಹುದಾದ್ದರಿಂದ, ಚಾಲ್ತಿಯಲ್ಲಿರುವ ಎರಡು ತಿಂಗಳು ಸಾಲಾಗಿ ಇರುತ್ತವೆ, ಹಳೆಯವು ಕಾಲಂ ಆಗುತ್ತವೆ. ಅವಧಿ ಮುಗಿದು ಹಿಂತಿರುಗುವ ಔಷಧಗಳಿಗೆ ಹಳೆಯ ಸಾಲನ್ನು ತಿದ್ದುವ ಪ್ರಶ್ನೆಯೇ ಬರುವುದಿಲ್ಲ, ಏಕೆಂದರೆ ಅವು ಕ್ರೆಡಿಟ್ ನೋಟ್ ಆಗಿ ಹೊಸ ಸಾಲಿನಲ್ಲೇ ಬರುತ್ತವೆ. ಅಪರೂಪಕ್ಕೆ ಹಳೆಯ ಬ್ಯಾಚ್ ನಂಬರ್ ತಪ್ಪಿದ್ದರೆ, ರಾತ್ರಿ ಆ ತಿಂಗಳ ಪಾರ್ಟಿಷನ್ ಒಂದನ್ನೇ ಸಾಲಿನ ರೂಪಕ್ಕೆ ತಿರುಗಿಸಿ, ತಿದ್ದಿ, ಬೆಳಗಾಗುವುದರೊಳಗೆ ಮತ್ತೆ ಕಾಲಂ ಮಾಡುತ್ತೇನೆ.