ಭೂಮಿಯ ಒಳರಚನೆಯ ಮಾದರಿ: ಕೊಳ್ಳಿ, ಆದರೆ ತಿದ್ದಿಕೊಂಡು ಬಳಸಿ

ಕಲಬುರಗಿಯ ಶಾಲಾ ಸಾಮಗ್ರಿ ಅಂಗಡಿಗಳಲ್ಲಿ ಸಿಗುವ ಫೈಬರ್ ಗೋಲ ಇದು. ವ್ಯಾಸ 30 ಸೆಂ.ಮೀ. ಕಲ್ಲಂಗಡಿಯ ಹೋಳು ತೆಗೆದಂತೆ ಒಂದು ಬದಿ ಕೊಯ್ದಿದೆ, ಒಳಪದರಗಳು ಕಾಣುತ್ತವೆ. ಮೇಲೆ ಭೂಫಲಕಗಳ, ಅಂದರೆ ಭೂಮಿಯ ಹೊರಚಿಪ್ಪಿನ ಚಲಿಸುವ ದೊಡ್ಡ ಹಲಗೆಗಳ, ತುಂಡುಗಳನ್ನು ಜೋಡಿಸಬೇಕು. ಹೈಸ್ಕೂಲಿಗೆ ಒಳ್ಳೆಯ ವಸ್ತುವೇ. ಪದರಗಳ ಕ್ರಮ ಸರಿಯಾಗಿದೆ, ಫಲಕಗಳ ಅಂಚುಗಳೂ ಹೆಚ್ಚುಕಡಿಮೆ ಸರಿ. ಭಾರತ, ಆಸ್ಟ್ರೇಲಿಯ ಎರಡನ್ನೂ ಒಂದೇ ತುಂಡು ಮಾಡಿದ್ದಾರೆ. ಈಗ ಅವನ್ನು ಬೇರೆಬೇರೆ ಫಲಕಗಳೆಂದೇ ಎಣಿಸುವುದು ರೂಢಿ.

ದೊಡ್ಡ ತಪ್ಪು ದಪ್ಪದ್ದು. ಭೂಮಿಯ ತ್ರಿಜ್ಯ 6,371 ಕಿ.ಮೀ., ಹಾಗಾಗಿ ಈ ಗೋಲದಲ್ಲಿ 1 ಮಿ.ಮೀ. ಎಂದರೆ 42 ಕಿ.ಮೀ. ಚಿಲ್ಲರೆ. ಖಂಡಗಳ ಭೂಕವಚ ಸರಾಸರಿ 35–40 ಕಿ.ಮೀ., ಅಂದರೆ ಒಂದು ಮಿಲಿಮೀಟರೂ ಬರುವುದಿಲ್ಲ. ಸಾಗರದಡಿಯದು ಸುಮಾರು 7 ಕಿ.ಮೀ., ಬಳಿದ ಬಣ್ಣದಷ್ಟು. ಇಲ್ಲಿ ಕವಚ 6 ಮಿ.ಮೀ. ಇದೆ, ಲೆಕ್ಕಕ್ಕೆ 250 ಕಿ.ಮೀ.! ಪರಿಹಾರ ಸುಲಭ. 15 ಸೆಂ.ಮೀ. ಉದ್ದದ ರಟ್ಟಿನ ಪಟ್ಟಿ ಕತ್ತರಿಸಿ. ಕೇಂದ್ರದ ತುದಿಯಿಂದ 29 ಮಿ.ಮೀ. ಒಳಕೇಂದ್ರ, ಮುಂದಿನ 53 ಹೊರಕೇಂದ್ರ, ಉಳಿದ 68 ಮ್ಯಾಂಟಲ್ ಎಂಬ ನಡುಪದರ. ಹೊರತುದಿಯಲ್ಲಿ ಪೆನ್ಸಿಲ್ ಗೆರೆಯೊಂದೇ ಭೂಕವಚ. ಪಟ್ಟಿಯನ್ನು ಗೋಲದ ಪಕ್ಕ ಹಿಡಿದರೆ ಸಾಕು, ಮಾತೇ ಬೇಡ.

ಎರಡನೆಯದು ಬಣ್ಣ. ಮ್ಯಾಂಟಲ್‌ಗೆ ಲಾವಾದ ಕೆಂಪು ಬಳಿದಿದ್ದಾರೆ. ಕಾಲಡಿಯಲ್ಲೆಲ್ಲ ಕುದಿಯುವ ರಸವಿದೆ ಎಂದು ಮಕ್ಕಳು ತಿಳಿಯುತ್ತಾರೆ. ಮ್ಯಾಂಟಲ್ ಬಹುಪಾಲು ಗಟ್ಟಿ ಬಂಡೆ. ಭೂಕಂಪದಲ್ಲಿ ಹುಟ್ಟುವ, ದ್ರವದಲ್ಲಿ ಸಾಗಲಾರದ ಎಸ್-ಅಲೆಗಳು ಅದರೊಳಗೆ ಹಾಯುತ್ತವೆ, ಸುಮಾರು 2,890 ಕಿ.ಮೀ. ಆಳದಲ್ಲಿ ನಿಲ್ಲುತ್ತವೆ. ದ್ರವವಿರುವುದು ಅಲ್ಲಿಂದ ಕೆಳಗಿನ ಹೊರಕೇಂದ್ರದಲ್ಲಿ. ಆದರೂ ಮ್ಯಾಂಟಲ್ ಬಹಳ ನಿಧಾನವಾಗಿ ಹರಿಯುತ್ತದೆ. ಗಟ್ಟಿಯಾದದ್ದು ಹರಿಯುವುದು ಹೇಗೆ? ಡಾಂಬರಿನ ಗಡ್ಡೆ ಸುತ್ತಿಗೆಯ ಏಟಿಗೆ ಒಡೆಯುತ್ತದೆ, ಬಹುಕಾಲ ಬಿಟ್ಟರೆ ತಾನೇ ಹರಡಿಕೊಳ್ಳುತ್ತದೆ, ಹಾಗೆ. ಮ್ಯಾಂಟಲ್ ಭಾಗಕ್ಕೆ ಕಂದು ಎನಾಮೆಲ್ ಬಳಿಯಿರಿ.

ಫಲಕಗಳನ್ನು ಸರಿಸಿ ತೋರಿಸುವಾಗ ಕೈ ಜೋರು ಮಾಡಬೇಡಿ. ಭಾರತದ ಫಲಕ ವರ್ಷಕ್ಕೆ ಸುಮಾರು 5 ಸೆಂ.ಮೀ. ಈಶಾನ್ಯಕ್ಕೆ ಚಲಿಸುತ್ತದೆ. ಈ ಗೋಲದ ಮೇಲೆ ಒಂದು ಮಿಲಿಮೀಟರ್ ಸರಿಯಲು ಎಂಟೂವರೆ ಲಕ್ಷ ವರ್ಷ ಬೇಕು. ತುಂಡುಗಳ ಅಂಟು ನಮ್ಮ ಏಪ್ರಿಲ್-ಮೇ ಬಿಸಿಲಿಗೆ ಬಿಡುತ್ತದೆ. ತಗಡಿನ ಸೂರಿನ ಕೋಣೆಯಲ್ಲಿ ಇಡಬೇಡಿ.

ಜೊತೆಗೆ ಬರುವ ಪುಸ್ತಿಕೆ ಮಾತ್ರ ನಮ್ಮ ಕಲಬುರಗಿ ಭಾಗಕ್ಕೆ ಪ್ರಯೋಜನವಿಲ್ಲ. ಭೂಕಂಪ ಫಲಕಗಳ ಅಂಚಿನಲ್ಲಿ ಆಗುತ್ತದೆ ಎಂದಷ್ಟೇ ಬರೆದು ಮುಗಿಸಿದ್ದಾರೆ. ಬೀದರ್‌ಗೆ ತಾಗಿಕೊಂಡ ಲಾತೂರು ಜಿಲ್ಲೆಯ ಕಿಲ್ಲಾರಿ ಯಾವ ಅಂಚಿನಲ್ಲೂ ಇಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಅಲ್ಲಿ 6.2ರ ತೀವ್ರತೆಯ ಕಂಪನಕ್ಕೆ ಹತ್ತಿರಹತ್ತಿರ ಹತ್ತು ಸಾವಿರ ಜನ ಸತ್ತರು. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲೂಕಿನ ಗಡಿಕೇಶ್ವಾರದಲ್ಲೂ ಸಣ್ಣ ಕಂಪನಗಳಾದವು. ಹಿಮಾಲಯದ ಕಡೆ ಫಲಕ ಒತ್ತಿಕೊಂಡಾಗ ಆ ಒತ್ತಡ ಒಳನಾಡಿಗೂ ಹರಡುತ್ತದೆ, ಹಳೆಯ ಬಿರುಕುಗಳಿದ್ದಲ್ಲಿ ಬಂಡೆ ಜಾರಬಹುದು. ಇದನ್ನು ಶಿಕ್ಷಕರೇ ಹೇಳಿಕೊಡಬೇಕು.

ಗೋಲದ ಪಕ್ಕದಲ್ಲಿ ಮೂರು ಕಲ್ಲು ಇಡಿ: ಯಾದಗಿರಿ ಗುಡ್ಡದ ಗ್ರಾನೈಟು, ಶಹಾಬಾದಿನ ಫರಸಿ, ಬೀದರಿನ ಕರಿಕಲ್ಲು. ಮೊದಲನೆಯದು ಸುಮಾರು 250 ಕೋಟಿ ವರ್ಷದ್ದು, ಕೊನೆಯದು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ. ದುಡ್ಡು ಕೊಡಬೇಕಿಲ್ಲ.