ಬೋರ್ಡ್‌ವಾಕ್ ಎಂಪೈರ್: ಮೂರನೇ ಸಲ ನೋಡಿದಾಗ ಸಿಕ್ಕ ಲೆಕ್ಕ

2012ರ ಬೇಸಿಗೆಯಲ್ಲಿ ತಮ್ಮ ಒಂದು ಹಾರ್ಡ್ ಡಿಸ್ಕ್ ತಂದು ಕೊಟ್ಟಿದ್ದ. "ಅಕ್ಕ, ಇದ್ರಲ್ಲಿ ಒಂದು ಗ್ಯಾಂಗ್‌ಸ್ಟರ್ ಸೀರೀಸ್ ಇದೆ. ಮೊದಲ ಎಪಿಸೋಡ್ ಡೈರೆಕ್ಟರ್ ಸ್ಕಾರ್ಸೆಸಿದು. ನೋಡು, ಆಮೇಲೆ ಮಾತಾಡೋಣ" ಅಂದಿದ್ದ. ಆಗ ಎರಡು ಸೀಸನ್ ಮಾತ್ರ ಬಂದಿದ್ದವು. ಉಳಿದ ಮೂರನ್ನು ಬಂದ ಹಾಗೆ ನೋಡಿದೆ, 2014ರಲ್ಲಿ ಮುಗಿಯಿತು. ಎರಡನೇ ಸಲ ನೋಡಿದ್ದು 2020ರ ಲಾಕ್‌ಡೌನ್‌ನಲ್ಲಿ. ಮೂರನೇ ಸಲ ಹೋದ ತಿಂಗಳು ಮುಗಿಸಿದೆ. ಒಟ್ಟು 56 ಎಪಿಸೋಡ್, ಒಂದೊಂದೂ ಹೆಚ್ಚುಕಡಿಮೆ ಒಂದು ಗಂಟೆ. ಅಷ್ಟು ಹೊತ್ತಿನಲ್ಲಿ ಎಷ್ಟು ಸೊಸೈಟಿಗಳ ಆಡಿಟ್ ಮುಗಿಯುತ್ತಿತ್ತು ಅಂತ ನಮ್ಮನೆಯವರು ಕೇಳುತ್ತಾರೆ. ಸಹಕಾರ ಸಂಘಗಳ ಲೆಕ್ಕ ತಪಾಸಣೆ ನನ್ನ ಕೆಲಸ. ಆ ಕೆಲಸಕ್ಕೂ ಈ ಸೀರೀಸ್ ನನಗೆ ಹಿಡಿಸಿದ್ದಕ್ಕೂ ನಂಟಿದೆ.

ನೋಡದವರಿಗೆ ಎರಡು ಮಾತು. ಅಮೆರಿಕದಲ್ಲಿ 1920ರ ಜನವರಿ 17ರಂದು ಪಾನನಿಷೇಧ ಜಾರಿಗೆ ಬಂತು. 1933ರ ಡಿಸೆಂಬರ್ 5ರವರೆಗೆ ಇತ್ತು. ಕಥೆ ಶುರುವಾಗುವುದು ಆ ನಿಷೇಧದ ಹೊಸ್ತಿಲಲ್ಲಿ, ನ್ಯೂಜೆರ್ಸಿಯ ಅಟ್ಲಾಂಟಿಕ್ ಸಿಟಿಯಲ್ಲಿ. ಸಮುದ್ರದ ಪಕ್ಕ ಮರದ ಹಲಗೆ ಹಾಸಿದ ಉದ್ದನೆಯ ದಾರಿ, ಅದೇ ಬೋರ್ಡ್‌ವಾಕ್. ನಕ್ಕಿ ಥಾಂಪ್ಸನ್ ಅಲ್ಲಿನ ಕೌಂಟಿ ಖಜಾಂಚಿ. ಹೆಸರಿಗೆ ಖಜಾಂಚಿ, ನಿಜಕ್ಕೆ ಊರೇ ಅವನದು. ಅವನ ತಮ್ಮ ಎಲೈ ಶೆರಿಫ್, ಅಂದರೆ ಅಲ್ಲಿನ ಪೊಲೀಸ್ ಮುಖ್ಯಸ್ಥ. ನಕ್ಕಿ ಮೊದಲು ಪಾನನಿಷೇಧ ಬೇಕೆನ್ನುವ ಹೆಂಗಸರ ಸಭೆಯಲ್ಲಿ ಕಣ್ಣೀರು ಬರುವಂಥ ಭಾಷಣ ಮಾಡುತ್ತಾನೆ. ಅಲ್ಲಿಂದ ಸೀದಾ ಕ್ಲಬ್ಬಿಗೆ ಹೋಗಿ ಅದೇ ನಿಷೇಧದ ಹೆಸರಲ್ಲಿ ಗ್ಲಾಸು ಎತ್ತುತ್ತಾನೆ. ಅವನ ಲೆಕ್ಕ ಸರಳ. ನಿಷೇಧ ಬಂದರೆ ಬಾಟಲಿಯ ಬೆಲೆ ಏರುತ್ತದೆ.

ಮೊದಲ ಸಲ ನೋಡಿದಾಗ ನನಗೂ ಎಲ್ಲರಂತೆ ಎರಡು ತಕರಾರು ಇದ್ದವು. ಒಂದು, ತುಂಬಾ ನಿಧಾನ. ಎರಡು, ನಕ್ಕಿ ಪಾತ್ರ ಮಾಡಿದ ಸ್ಟೀವ್ ಬುಸೆಮಿ ಯಾವ ಕೋನದಿಂದ ಡಾನ್ ಥರ ಕಾಣುತ್ತಾನೆ? ತೆಳ್ಳಗೆ, ಬಿಳಿಚಿದ ಮುಖ, ಗುಡ್ಡೆ ಕಣ್ಣು. ನಕ್ಕಿಗೆ ಮೂಲವಾದ ಅಸಲಿ ಮನುಷ್ಯ ನಕ್ಕಿ ಜಾನ್ಸನ್ ಎತ್ತರದ, ದಪ್ಪ ಆಳು. ಬುಸೆಮಿಯನ್ನು ನೋಡಿದರೆ ನಮ್ಮ ಜಿಲ್ಲಾ ಬ್ಯಾಂಕಿನ ಹಳೇ ಕ್ಯಾಷಿಯರ್ ನೆನಪಾಗುತ್ತಿದ್ದರು. ತಮ್ಮನ ಹತ್ತಿರ ಇದನ್ನೇ ಹೇಳಿ ನಕ್ಕಿದ್ದೆ.

ಎಂಟು ವರ್ಷ ಬಿಟ್ಟು ಮತ್ತೆ ನೋಡಿದಾಗ ಗೊತ್ತಾಯಿತು, ಅದು ತಪ್ಪಲ್ಲ, ಅದೇ ಪಾಯಿಂಟು. ನಕ್ಕಿ ಕ್ಯಾಷಿಯರೇ. ಅವನ ಆಯುಧ ಬಂದೂಕಲ್ಲ, ಕವರು. ಯಾವ ವಾರ್ಡಿನವನಿಗೆ ಎಷ್ಟು, ಮೇಯರ್‌ಗೆ ಎಷ್ಟು, ವಾಷಿಂಗ್ಟನ್‌ಗೆ ಎಷ್ಟು ಕಳಿಸಬೇಕು, ಎಲ್ಲ ತಲೆಯಲ್ಲೂ ಲೆಕ್ಕದ ಪುಸ್ತಕದಲ್ಲೂ ಇಟ್ಟುಕೊಂಡವನು. ನಾವು ಮಾಮೂಲು ಅನ್ನುತ್ತೀವಲ್ಲ, ಅದಕ್ಕೆ ಇಷ್ಟು ವಿವರವಾದ ಸೀರೀಸ್ ಇನ್ನೊಂದು ನಾನು ಕಂಡಿಲ್ಲ. ಬುಸೆಮಿ ಕೂತು ಎಣಿಸುವ ರೀತಿ ನೋಡಬೇಕು. ಮುಖದಲ್ಲಿ ಏನೂ ಇರುವುದಿಲ್ಲ. ಕೈ ಮಾತ್ರ ಓಡುತ್ತಿರುತ್ತದೆ. 2011ರಲ್ಲಿ ಈ ಪಾತ್ರಕ್ಕೆ ಅವನಿಗೆ ಗೋಲ್ಡನ್ ಗ್ಲೋಬ್ ಬಂದಾಗ ನಾನು ನೋಡಿರಲಿಲ್ಲ. ನೋಡಿದ ಮೇಲೂ ಒಪ್ಪಲಿಲ್ಲ. ಈಗ ಒಪ್ಪುತ್ತೇನೆ.

ಆ ಲೆಕ್ಕದ ಪುಸ್ತಕವನ್ನೇ ಹಿಂಬಾಲಿಸಿ ನೋಡಿ ಅಂತ ನನ್ನ ಸಲಹೆ. ಮೊದಲ ಸೀಸನ್ನಿನಲ್ಲಿ ನಕ್ಕಿ ಶಿಕಾಗೋದಲ್ಲಿ ಸಿಕ್ಕಿಹಾಕಿಕೊಂಡಿದ್ದಾಗ ಇತ್ತ ಎಲೈಗೆ ಗುಂಡು ಬೀಳುತ್ತದೆ. ನಕ್ಕಿ ತನ್ನ ಆಸರೆಯಲ್ಲಿರುವ, ಮುಂದೆ ಹೆಂಡತಿಯಾಗುವ ಮಾರ್ಗರೆಟ್‌ಗೆ ಫೋನ್ ಮಾಡಿ ತನ್ನ ಲೆಡ್ಜರ್ ತೆಗೆದಿಡು ಅನ್ನುತ್ತಾನೆ. ಆಕೆ ಐರ್ಲೆಂಡಿನಿಂದ ಬಂದವಳು. ಕುಡುಕ ಗಂಡನನ್ನು ಕಳೆದುಕೊಂಡ ಬಡ ವಿಧವೆ. ಸುಮ್ನೆ ತೆಗೆದಿಡದೆ ಅದನ್ನು ಬಿಚ್ಚಿ ಓದುತ್ತಾಳೆ. ತಾನು ಯಾರ ಮನೆಯಲ್ಲಿ, ಯಾರ ದುಡ್ಡಿನಲ್ಲಿ ಇದ್ದೇನೆ ಅಂತ ಅವಳಿಗೆ ಅಂಕಿಗಳಿಂದ ಗೊತ್ತಾಗುತ್ತದೆ. ಇಡೀ ಸೀರೀಸಿನಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಇದು. ಎರಡನೇ ಸೀಸನ್ನಿನ ಕೊನೆಗೆ ಇನ್ನೊಂದಿದೆ. ಕೋರ್ಟಿನಿಂದ ತಪ್ಪಿಸಲು ನಕ್ಕಿ ಬೆಲೆಬಾಳುವ ಜಮೀನನ್ನು ಅವಳ ಹೆಸರಿಗೆ ಮಾಡಿರುತ್ತಾನೆ. ಅವಳು ಒಂದು ಮಾತೂ ಆಡದೆ ಅದನ್ನು ಚರ್ಚಿಗೆ ಬರೆದುಕೊಡುತ್ತಾಳೆ. ಹೆಂಡತಿ ಹೆಸರಲ್ಲಿ ಸೈಟು ಮಾಡುವವರೆಲ್ಲ ನೋಡಬೇಕಾದ ದೃಶ್ಯ. ಮಾರ್ಗರೆಟ್ ಬೋರು ಅನ್ನುವವರು ಬಹಳ ಮಂದಿ. ನನಗಂತೂ ಅವಳೇ ಇಡೀ ಊರಲ್ಲಿ ಲೆಕ್ಕ ಬರುವ ಎರಡನೇ ಮನುಷ್ಯಳು.

ಕಾನೂನಿನ ಸಂದುಗಳನ್ನೂ ಚೆನ್ನಾಗಿ ತೋರಿಸಿದ್ದಾರೆ. ಆ ಕಾಯ್ದೆ ತಯಾರಿಸುವುದು, ಮಾರುವುದು, ಸಾಗಿಸುವುದನ್ನು ನಿಲ್ಲಿಸಿತ್ತು. ಕುಡಿಯುವುದೇ ಅಪರಾಧ ಅಂತ ಬರೆದಿರಲಿಲ್ಲ. ಡಾಕ್ಟರ್ ಚೀಟಿ ಬರೆದರೆ ವಿಸ್ಕಿ ಔಷಧಿ. ಚರ್ಚಿನ ಪೂಜೆಗೆ ವೈನ್‌ಗೆ ವಿನಾಯಿತಿ. ಜಾರ್ಜ್ ರೀಮಸ್ ಅನ್ನುವ ನಿಜವಾದ ವಕೀಲ ಇದೇ ಸಂದಿನಲ್ಲಿ ನುಗ್ಗಿ ಡಿಸ್ಟಿಲರಿಗಳನ್ನೂ ಔಷಧಿ ಕಂಪನಿಯನ್ನೂ ಕೊಂಡ. ಲೈಸೆನ್ಸ್ ತೋರಿಸಿ ಮಾಲು ಹೊರಗೆ ತೆಗೆದ. ತನ್ನ ಲಾರಿಗಳನ್ನು ತನ್ನ ಜನರಿಂದಲೇ ದೋಚಿಸಿದ. ಸೀರೀಸಿನಲ್ಲಿ ಅವನು "ನಾನು" ಅನ್ನುವುದೇ ಇಲ್ಲ, "ರೀಮಸ್‌ಗೆ ಇದು ಹಿಡಿಸಲಿಲ್ಲ" ಅನ್ನುತ್ತಾನೆ. ನಮ್ಮನೆಯವರು ಈಗ ಉಪ್ಪಿಟ್ಟು ಬೇಡ ಅನ್ನುವುದೂ ಇದೇ ಧಾಟಿಯಲ್ಲಿ.

ನಮ್ಮ ರಾಜ್ಯದಲ್ಲಿ 2007ರ ಜುಲೈನಲ್ಲಿ ಸಾರಾಯಿ ನಿಂತಿದ್ದು ನೆನಪಿರಬಹುದು. ನಮ್ಮೂರಿನ ಸಾರಾಯಿ ಅಂಗಡಿಗೆ ಬೀಗ ಬಿತ್ತು. ಸ್ವಲ್ಪ ದಿನಕ್ಕೇ ಹಿಂದಿನ ಬೀದಿಯ ಕಿರಾಣಿ ಅಂಗಡಿಯಲ್ಲಿ ಬೀಡಿ ಕಟ್ಟಿನ ಹಿಂದೆ ವಿಸ್ಕಿ ಸಿಗತೊಡಗಿತು. ಹಾಗಾಗಿ ಅಟ್ಲಾಂಟಿಕ್ ಸಿಟಿ ನನಗೆ ಅಷ್ಟೇನೂ ದೂರ ಅನ್ನಿಸಲಿಲ್ಲ.

ಇಲ್ಲಿಂದ ಮುಂದೆ ಕಥೆ ಬಿಟ್ಟುಕೊಡುತ್ತೇನೆ. ನೋಡುವವರಿದ್ದರೆ ಇಲ್ಲೇ ನಿಲ್ಲಿಸಿ.

ಜನ ಇಂದಿಗೂ ಜಗಳ ಆಡುವುದು ಜಿಮ್ಮಿ ವಿಷಯಕ್ಕೆ. ಮಹಾಯುದ್ಧದಿಂದ ಬಂದ ಹುಡುಗ, ನಕ್ಕಿ ಸಾಕಿ ಬೆಳೆಸಿದವನು, ಕೊನೆಗೆ ಅವನಿಗೇ ತಿರುಗಿಬಿದ್ದವನು. ಎರಡನೇ ಸೀಸನ್ನಿನ ಕೊನೆಯಲ್ಲಿ, ಮಳೆಯಲ್ಲಿ, ನಕ್ಕಿ ತಾನೇ ಅವನಿಗೆ ಗುಂಡು ಹೊಡೆಯುತ್ತಾನೆ. ಜಿಮ್ಮಿ ಪಾತ್ರದ ಮೈಕಲ್ ಪಿಟ್ ಹೋದ ಮೇಲೆ ಇನ್ನೇನಿದೆ ಅಂತ ನನ್ನ ತಮ್ಮ ಅಲ್ಲಿಗೇ ನಿಲ್ಲಿಸಿದ. ಅವನಂತೆ ನಿಲ್ಲಿಸಿದವರು ಇನ್ನೂ ಎಷ್ಟೋ ಮಂದಿ. ಮೊದಲ ಸಲ ನನಗೂ ಸಿಟ್ಟು ಬಂದಿತ್ತು. ಈಗ ಅನ್ನಿಸುತ್ತದೆ, ಅಲ್ಲಿ ಅವನನ್ನು ಉಳಿಸಿದ್ದರೆ ಇದು ಇನ್ನೊಂದು ಮಾಮೂಲಿ ಸೀರಿಯಲ್ ಆಗುತ್ತಿತ್ತು. ಅಲ್ಲಿಯವರೆಗೆ ದುಡ್ಡು ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದವನ ಕೈಗೆ ಅಂದು ರಕ್ತ ಹತ್ತಿತು.

ಜಿಮ್ಮಿ ಹೋದರೂ ರಿಚರ್ಡ್ ಹ್ಯಾರೋ ಇದ್ದನಲ್ಲ. ಯುದ್ಧದಲ್ಲಿ ಅರ್ಧ ಮುಖ ಹೋದವನು. ಬಣ್ಣ ಬಳಿದ ತಗಡಿನ ಮುಖವಾಡ, ಅದಕ್ಕೆ ಅಂಟಿದ ಕನ್ನಡಕ. ಗಂಟಲಿನಿಂದ ತಡೆದು ತಡೆದು ಬರುವ ಮಾತು. ಗುರಿ ತಪ್ಪದ ಕೊಲೆಗಾರ. ರಾತ್ರಿ ಕೂತು ಪತ್ರಿಕೆಗಳಿಂದ ಅಪ್ಪ ಅಮ್ಮ ಮಕ್ಕಳಿರುವ ಚಿತ್ರಗಳನ್ನು ಕತ್ತರಿಸಿ ಪುಸ್ತಕಕ್ಕೆ ಅಂಟಿಸುತ್ತಾನೆ. ಒಮ್ಮೆ ಸಾಯಲೆಂದು ಕಾಡಿಗೆ ಹೋಗಿ ಮುಖವಾಡ ಕಳಚಿಡುತ್ತಾನೆ. ಒಂದು ನಾಯಿ ಬಂದು ಮುಖವಾಡವನ್ನೇ ಕಚ್ಚಿಕೊಂಡು ಓಡುತ್ತದೆ. ಸಾಯಲು ಬಂದವನು ಎದ್ದು ಅದರ ಹಿಂದೆ ಓಡುತ್ತಾನೆ. ಜ್ಯಾಕ್ ಹ್ಯೂಸ್ಟನ್ ಅರ್ಧ ಮುಖದಲ್ಲಿ ಮಾಡಿದ್ದನ್ನು ಎಷ್ಟೋ ಜನ ಪೂರ್ತಿ ಮುಖದಲ್ಲಿ ಮಾಡಲಾರರು.

ಚಾಕಿ ವೈಟ್ ಬಗ್ಗೆಯೂ ಹೇಳಲೇಬೇಕು. ಊರಿನ ಕಪ್ಪು ಜನರ ನಾಯಕ. ಪಾತ್ರ ಮಾಡಿದ್ದು 2021ರಲ್ಲಿ ತೀರಿಕೊಂಡ ಮೈಕಲ್ ಕೆ. ವಿಲಿಯಮ್ಸ್. ಮೊದಲ ಸೀಸನ್ನಿನಲ್ಲಿ ಕಪ್ಪು ಜನರನ್ನು ದ್ವೇಷಿಸುವ ಬಿಳಿಯರ ಕ್ಲಾನ್ ಪಂಗಡದ ಮುಖಂಡನನ್ನು ಕುರ್ಚಿಗೆ ಕಟ್ಟಿ ಅವನ ಎದುರು ಕೂರುತ್ತಾನೆ. ತನ್ನಪ್ಪ ಒಳ್ಳೆಯ ಬಡಗಿ, ಬಿಳಿಯರ ಮನೆಗೆ ಪುಸ್ತಕದ ಕಪಾಟು ಮಾಡಿಕೊಟ್ಟಿದ್ದ, ಕೊನೆಗೆ ಬಿಳಿಯರೇ ಅವನನ್ನು ಕೊಂದರು ಅಂತ ಮೆತ್ತಗೆ ಹೇಳುತ್ತಾನೆ. ಆಮೇಲೆ ಅಪ್ಪನ ಹತಾರಗಳನ್ನು ಒಂದೊಂದಾಗಿ ಬಿಚ್ಚಿಡುತ್ತಾನೆ. ದನಿ ಒಂದು ಸಲವೂ ಏರುವುದಿಲ್ಲ. ನಿಧಾನ ಅಂತ ದೂರುವವರು ಈ ಒಂದು ದೃಶ್ಯವನ್ನು ಅವಸರವಾಗಿ ಮಾಡಿದರೆ ಹೇಗಿರುತ್ತಿತ್ತು ಅಂತ ಯೋಚಿಸಿ.

ಹಾಗಂತ ಎಲ್ಲವೂ ಚೆನ್ನಾಗಿಲ್ಲ. ಮೂರನೇ ಸೀಸನ್ನಿನ ವಿಲನ್ ಜಿಪ್ ರೊಸೆಟ್ಟಿಯನ್ನು ಎಲ್ಲರೂ ಹೊಗಳುತ್ತಾರೆ, ಆ ಪಾತ್ರಕ್ಕೆ ಬಾಬಿ ಕನಾವಾಲೆಗೆ ಎಮ್ಮಿ ಪ್ರಶಸ್ತಿಯೂ ಬಂತು. ನನಗೆ ಮಾತ್ರ ಸ್ವಲ್ಪ ಗದ್ದಲ ಜಾಸ್ತಿ ಆಯಿತು. ಮೈಕಲ್ ಶಾನನ್ ಮಾಡಿದ ವ್ಯಾನ್ ಆಲ್ಡನ್ ಅಬಕಾರಿ ಅಧಿಕಾರಿಯಾಗಿ ಶುರುವಾಗಿ ಮನೆಮನೆಗೆ ಇಸ್ತ್ರಿಪೆಟ್ಟಿಗೆ ಮಾರುವವನಾಗುತ್ತಾನೆ. ಮಜಾ ಇದೆ. ಆದರೆ ಎಷ್ಟೋ ಎಪಿಸೋಡ್ ಅವನ ಕಥೆ ಬೇರೆ ಯಾವುದೋ ಸೀರೀಸಿನಿಂದ ಬಂದಂತೆ ಇರುತ್ತದೆ. ಗ್ಯಾಂಗ್‌ಸ್ಟರ್‌ಗಳ ಹೆಸರುಗಳೂ ವಿಪರೀತ. ರೋತ್‌ಸ್ಟೀನ್, ಲೂಸಿಯಾನೊ, ಲ್ಯಾನ್ಸ್ಕಿ, ಮಸೇರಿಯಾ, ಟೊರಿಯೊ. ಮೊದಲ ಸಲ ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಶೀರ್ಷಿಕೆಯ ಜೊತೆ ಬರುವ ಎಲೆಕ್ಟ್ರಿಕ್ ಗಿಟಾರು ಆ ಕಾಲಕ್ಕೆ ಹೊಂದುವುದಿಲ್ಲ ಅನ್ನುವವರ ಜೊತೆ ನಾನೂ ಇದ್ದೇನೆ. ಆದರೂ ಸ್ಕಿಪ್ ಮಾಡುವುದಿಲ್ಲ. ದಡಕ್ಕೆ ಬಾಟಲಿಗಳು ತೇಲಿ ಬರುವುದನ್ನು ನೋಡುವುದು ಅಭ್ಯಾಸವಾಗಿದೆ.

ಮತ್ತೆ, ಮನೆಮಂದಿ ಜೊತೆ ನೋಡುವಂಥದ್ದಲ್ಲ. ಲಾಕ್‌ಡೌನ್‌ನಲ್ಲಿ ಮಾವನವರು ಕಾಫಿ ಲೋಟ ಹಿಡಿದು ಹಾಲ್‌ಗೆ ಬಂದ ಗಳಿಗೆ ನೆನೆಸಿಕೊಂಡರೆ ಈಗಲೂ ಮುಜುಗರ. ರಿಮೋಟ್ ಕೈಗೆ ಸಿಗಲಿಲ್ಲ, ಟಿವಿ ಮುಂದೆ ಹೋಗಿ ನಿಂತೆ. ಇನ್ನೊಂದು ಬೇಜಾರು, ಮಧ್ಯದಲ್ಲಿ ಒಂದು ದಿನ ನಾನು ಚಂದಾ ಕಟ್ಟಿದ್ದ ಆ್ಯಪ್‌ನಿಂದ ಇಡೀ ಸೀರೀಸೇ ಮಾಯವಾಯಿತು. ವರ್ಷದ ದುಡ್ಡು ಮೊದಲೇ ಕಟ್ಟಿಯಾಗಿತ್ತು.

ಐದನೇ ಸೀಸನ್ ಬಗ್ಗೆ ದೂರು ನಿಜ. ನಾಲ್ಕು ಸೀಸನ್ನಿಗೆ ತಲಾ 12 ಎಪಿಸೋಡ್ ಕೊಟ್ಟು ಇದಕ್ಕೆ ಎಂಟೇ ಕೊಟ್ಟರು. 1924ರಿಂದ ಏಕ್‌ದಮ್ 1931ಕ್ಕೆ ನೆಗೆತ. 1928ರಲ್ಲಿ ರೋತ್‌ಸ್ಟೀನ್ ಕೊಲೆಯಾದದ್ದು ಆ ಗ್ಯಾಪಿನಲ್ಲೇ ಕಳೆದುಹೋಯಿತು. ಆದರೆ ನಕ್ಕಿಯ ಬಾಲ್ಯ, ಯೌವನದ ಭಾಗಗಳನ್ನು ಬೈಯುವವರ ಜೊತೆ ನಾನಿಲ್ಲ. ಜಿಮ್ಮಿಯ ತಾಯಿ ಜಿಲಿಯನ್‌ಳನ್ನು, ಅವಳಿನ್ನೂ ಚಿಕ್ಕ ಹುಡುಗಿ, ಮೇಲೇರುವ ಆಸೆಗೆ ಕಮೊಡೋರ್ ಅನ್ನುವ ಊರಿನ ಹಿಂದಿನ ಯಜಮಾನನ ಕೈಗೆ ಒಪ್ಪಿಸಿದವನು ಇದೇ ನಕ್ಕಿ. ಅವನ ಪುಸ್ತಕದ ಮೊದಲ ಎಂಟ್ರಿ ಅದು. ಕೊನೆಯ ಎಪಿಸೋಡಿನಲ್ಲಿ ಅವಳ ಮೊಮ್ಮಗ ಟಾಮಿ ಬಂದು ಬೋರ್ಡ್‌ವಾಕ್ ಮೇಲೆ ನಕ್ಕಿಗೆ ಗುಂಡು ಹೊಡೆದು ಬಾಕಿ ವಸೂಲು ಮಾಡುತ್ತಾನೆ.

ಒಂದೇ ಒಂದು ಕೊರಗು. ಅಸಲಿ ನಕ್ಕಿ ಜಾನ್ಸನ್ ಗುಂಡೇಟಿಗೆ ಸಾಯಲಿಲ್ಲ. 1941ರಲ್ಲಿ ತೆರಿಗೆ ತಪ್ಪಿಸಿದ್ದಕ್ಕೆ ಜೈಲಿಗೆ ಹೋದ, 1945ರಲ್ಲಿ ಹೊರಬಂದ, 1968ರವರೆಗೆ ಬದುಕಿದ್ದ. ಸೀರೀಸಿನಲ್ಲಿ ಶಿಕಾಗೋದ ಗ್ಯಾಂಗ್‌ಸ್ಟರ್ ಕಪೋನ್‌ಗೆ ತೆರಿಗೆಯ ಕುಣಿಕೆ ಬೀಳುತ್ತದೆ, ಅವನ ಲೆಡ್ಜರ್ ಕದಿಯಲು ಹೋಗಿಯೇ ವ್ಯಾನ್ ಆಲ್ಡನ್ ಸಾಯುತ್ತಾನೆ. ನಕ್ಕಿಗೂ ಅದೇ ದಾರಿ ಇಟ್ಟಿದ್ದರೆ? ಯಾವನೋ ಒಬ್ಬ ಗುಮಾಸ್ತ ಕನ್ನಡಕ ಏರಿಸಿಕೊಂಡು ಎರಡು ಕಾಲಂ ಕೂಡಿಸಿ, ಟ್ಯಾಲಿ ಆಗ್ತಿಲ್ಲ ಸಾರ್ ಅಂದಿದ್ದರೆ? ಆ ಎಪಿಸೋಡ್ ನಾನು ಒಬ್ಬಳೇ ನೋಡುತ್ತಿದ್ದೆನೋ ಏನೋ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ, ಆ ಒಂದು ಸ್ಟಾರ್ ಇದಕ್ಕೇ ಕಳೆದಿದ್ದು.

ಹೋದ ವಾರ ತಮ್ಮ ಫೋನ್ ಮಾಡಿದ್ದ. ಹನ್ನೆರಡು ವರ್ಷಕ್ಕೂ ಮೇಲೆ ಸಿಟ್ಟು ಬಿಟ್ಟು ಮೂರನೇ ಸೀಸನ್ ಶುರು ಮಾಡಿದ್ದಾನಂತೆ. "ರಿಚರ್ಡ್‌ಗೆ ಏನೂ ಆಗಲ್ಲ ಅಲ್ವಾ ಅಕ್ಕ?" ಅಂತ ಕೇಳಿದ. ಊಟ ಆಯ್ತಾ ಅಂತ ಕೇಳಿ ಮಾತು ಬದಲಾಯಿಸಿದೆ.